ತುಂಗಭದ್ರೆಯ ನೀರೊಳಗೆ ಕಿವಿಯಿಡಲು ಫೈಬರ್ ಲೇಸರ್ ಆದೀತೇ?

ಪ್ರಶ್ನೆ: ನಮ್ಮೂರು ಕೊಪ್ಪಳ ಜಿಲ್ಲೆಯ ಮುನಿರಾಬಾದ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗಿನಿಂದ ಒಂದೇ ಯೋಚನೆ: ನೀರೊಳಗಿನ ಸದ್ದು ಕೇಳಿಸಿಕೊಂಡು ಮೊದಲೇ ಎಚ್ಚರಿಸುವ ಸಾಧನ ಇಡಲಾಗದೇ? ಫೈಬರ್ ಲೇಸರ್ ಸೆನ್ಸರ್‌ಗಳು ಸಮುದ್ರದ ಅತಿ ಸಣ್ಣ ಸದ್ದನ್ನೂ ಹಿಡಿಯುತ್ತವೆ ಎಂದು ಓದಿದೆ. ಮಗಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಇದನ್ನೇ ಪ್ರಾಜೆಕ್ಟ್ ಮಾಡುತ್ತೇನೆ ಅನ್ನುತ್ತಾಳೆ. ಇದು ಕೆಲಸ ಮಾಡುವ ಬಗೆ, ಕಟ್ಟುವ ಕ್ರಮ, ಎಲ್ಲಿ ಕೆಡುತ್ತದೆ ಎಂಬುದನ್ನು ತಿಳಿಸಿ.

ಉತ್ತರ: ಗೇಟಿನ ಮಾತನ್ನು ಮೊದಲು ಮುಗಿಸೋಣ. ಅಂದು ತುಂಡಾದದ್ದು ಗೇಟನ್ನು ಎತ್ತಿ ಹಿಡಿಯುವ ಚೈನು. ಅದರ ಬಹುಪಾಲು ಇರುವುದು ನೀರಿನ ಮೇಲೆ, ಗಾಳಿಯಲ್ಲಿ. ಕೊಂಡಿಯೊಳಗೆ ಬಿರುಕು ಬೆಳೆಯುವ ಸದ್ದು ಗೇಟಿಗಿಳಿದು, ಅಲ್ಲಿಂದ ನೀರಿಗೆ ದಾಟುವ ಹೊತ್ತಿಗೆ ಸೋರಿಕೆಯ ಭೋರ್ಗರೆತದಲ್ಲಿ ಮುಳುಗಿಹೋಗಿರುತ್ತದೆ. ಆದ್ದರಿಂದ ನೀರಿನಲ್ಲಿ ಎಂಥ ಹೈಡ್ರೋಫೋನ್ (ನೀರೊಳಗಿನ ಮೈಕ್) ಇಟ್ಟರೂ ಚೈನು ಹರಿಯುವ ಮುನ್ಸೂಚನೆಯನ್ನು ಅದರಿಂದ ನಿರೀಕ್ಷಿಸಬೇಡಿ. ಚೈನಿಗೆ ಬೇಕಾದದ್ದು ಕೊಂಡಿಯ ಮೇಲೇ ಕೂರುವ ಸ್ಟ್ರೇನ್ ಸೆನ್ಸರ್, ಎಳೆತ ಅಳೆಯುವ ಲೋಡ್ ಸೆಲ್, ಕಾಲಕಾಲಕ್ಕೆ ಅಲ್ಟ್ರಾಸಾನಿಕ್ ತಪಾಸಣೆ. ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಎಂಬ ಸರಳ ಸೆನ್ಸರ್ ಆ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಅದಕ್ಕೆ ಲೇಸರ್ ಸೆನ್ಸರ್‌ನ ಗೊಡವೆಯೇ ಬೇಡ.

ಹಾಗೆಂದು ನೀರೊಳಗೆ ಕೇಳಲು ಏನೂ ಇಲ್ಲವೆಂದಲ್ಲ. ಗೇಟಿನ ಅಂಚಿನ ರಬ್ಬರ್ ಸೀಲು ಸವೆದರೆ ಸಂದಿಯಿಂದ ಚಿಮ್ಮುವ ನೀರು ಕೆಲವು ನೂರು ಹರ್ಟ್ಸ್‌ನಿಂದ ಹತ್ತಾರು ಕಿಲೋಹರ್ಟ್ಸ್‌ವರೆಗೆ ಹರಡಿದ ಬುಸುಗುಟ್ಟುವ ಸದ್ದು ಮಾಡುತ್ತದೆ. ಗೇಟು ಅರೆ ತೆರೆದಾಗ ನಡುಗತೊಡಗಿದರೆ ಆ ಸದ್ದು ಬಹಳ ಕೆಳಗೆ, ಕೆಲವೇ ಹರ್ಟ್ಸ್‌ಗಳಲ್ಲಿ. ಎಡದಂಡೆಯ ವಿದ್ಯುದಾಗಾರದ ಟರ್ಬೈನ್ ತನ್ನದೇ ಸ್ವರ ಬಿಡುತ್ತದೆ: ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ರೆಕ್ಕೆಗಳ ಸಂಖ್ಯೆಯಿಂದ ಗುಣಿಸಿ 60ರಿಂದ ಭಾಗಿಸಿದರೆ ಆ ಸ್ವರದ ಆವರ್ತನ ಸಿಗುತ್ತದೆ. ಹುಬ್ಬಳ್ಳಿ-ಗುಂತಕಲ್ ಮಾರ್ಗದಲ್ಲಿ ಅದಿರು ಹೊತ್ತ ಗೂಡ್ಸ್ ಗಾಡಿ ಸಾಗಿದರೆ ನೆಲದ ಮೂಲಕ ಗುಡುಗಿನಂಥ ಸದ್ದು ನೀರಿಗಿಳಿಯುತ್ತದೆ. ಸೋನೆ ಮಳೆಗೂ ನೀರೊಳಗೆ ಸ್ಪಷ್ಟವಾದ ಗುರುತಿದೆ. ಸುಮಾರು 1 ಮಿಲಿಮೀಟರ್ ಗಾತ್ರದ ಹನಿ ಬಿದ್ದಾಗ ಮೇಲ್ಮೈಯಲ್ಲಿ ಸಿಕ್ಕಿಬೀಳುವ ಪುಟ್ಟ ಗುಳ್ಳೆ 15 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಮಿಡಿಯುತ್ತದೆ. ಜೋರು ಮಳೆಗಿಂತ ಜಿನುಗು ಮಳೆಯಲ್ಲೇ ಈ ಉಬ್ಬು ಎದ್ದು ಕಾಣುತ್ತದೆ.

ಈ ಸದ್ದುಗಳಲ್ಲಿ ಯಾವುದು ಬೇಕು ಎಂದು ಮಗಳು ಮೊದಲ ದಿನವೇ ಬರೆದಿಟ್ಟುಕೊಳ್ಳಲಿ. ಸೂಕ್ಷ್ಮತೆಯೆಲ್ಲ ಲೇಸರಿನದು, ಒಳ್ಳೆಯ ಲೇಸರ್ ಕೊಂಡರೆ ಕೆಲಸ ಮುಗಿಯಿತು ಎಂಬ ನಂಬಿಕೆಯಿಂದಲೇ ಇಂಥ ಪ್ರಾಜೆಕ್ಟ್‌ಗಳು ಹಾಳಾಗುವುದು. ಲೇಸರ್ ಬರೀ ನರ. ಕಿವಿಯ ತಮಟೆ, ಅದರ ಗಾತ್ರ, ದಪ್ಪ, ಹಿಂದಿನ ಗಾಳಿ ಇವು ಏನನ್ನು ಕೇಳಬೇಕು, ಎಷ್ಟು ಆಳದಲ್ಲಿ ಕೇಳಬೇಕು ಎಂಬುದನ್ನು ತೀರ್ಮಾನಿಸುತ್ತವೆ. ಆದ್ದರಿಂದ ಈ ಉತ್ತರದ ಹೆಚ್ಚಿನ ಜಾಗವನ್ನು ತಮಟೆಗೇ ಕೊಡುತ್ತೇನೆ.

ಲೇಸರ್ ಮಾಡುವ ಕೆಲಸ

ಎರ್ಬಿಯಂ ಬೆರೆಸಿದ ಗಾಜಿನ ಎಳೆಯ ಮೇಲೆ 4 ಸೆಂಟಿಮೀಟರ್ ಉದ್ದಕ್ಕೆ ಅತಿನೇರಳೆ ಬೆಳಕಿನಿಂದ ಗ್ರೇಟಿಂಗ್, ಅಂದರೆ ಸಮ ಅಂತರದ ಸೂಕ್ಷ್ಮ ಗೆರೆಗಳ ಸಾಲು, ಬರೆಯುತ್ತಾರೆ. ನಡುವೆ ಒಂದು ಕಡೆ ಗೆರೆಗಳ ಲಯವನ್ನು ಅರ್ಧ ಹೆಜ್ಜೆ ತಪ್ಪಿಸುತ್ತಾರೆ. 980 ನ್ಯಾನೋಮೀಟರ್ ಪಂಪ್ ಬೆಳಕು ಹಾಯಿಸಿದಾಗ ಆ ತುಣುಕೇ 1,550 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದೇ ಬಣ್ಣದ (ತರಂಗಾಂತರದ) ಲೇಸರ್ ಆಗುತ್ತದೆ. ಇದಕ್ಕೆ ಡಿಎಫ್‌ಬಿ ಫೈಬರ್ ಲೇಸರ್ ಎನ್ನುತ್ತಾರೆ. ಸಾಮಾನ್ಯ ಗ್ರೇಟಿಂಗ್ ಪ್ರತಿಫಲಿಸುವ ಬಣ್ಣದ ಪಟ್ಟಿ 0.2 ನ್ಯಾನೋಮೀಟರ್ ಅಗಲ, ಅಂದರೆ 25 ಗಿಗಾಹರ್ಟ್ಸ್. ಈ ಲೇಸರಿನ ಗೆರೆ ಕೆಲವೇ ಕಿಲೋಹರ್ಟ್ಸ್. ಹತ್ತು ಲಕ್ಷಕ್ಕೂ ಹೆಚ್ಚು ಪಟ್ಟು ತೆಳು. ಗೆರೆ ಇಷ್ಟು ತೆಳುವಾಗಿರುವುದರಿಂದಲೇ ಅದು ಕೂದಲೆಳೆಯಷ್ಟು ಸರಿದರೂ ಗೊತ್ತಾಗುತ್ತದೆ.

ಎಳೆಯನ್ನು ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿಸಿದರೆ, ಅಂದರೆ 1 ಮೈಕ್ರೋಸ್ಟ್ರೇನ್ ಕೊಟ್ಟರೆ, ಬಣ್ಣ 1.2 ಪಿಕೋಮೀಟರ್ ಸರಿಯುತ್ತದೆ. ಆವರ್ತನದಲ್ಲಿ 150 ಮೆಗಾಹರ್ಟ್ಸ್. ಲೇಸರಿನ ಸ್ವಂತ ತೊದಲಾಟ, ಅಂದರೆ ಅದರ ಆವರ್ತನ ತಾನಾಗಿಯೇ ಅಲುಗುವುದು, 1 ಕಿಲೋಹರ್ಟ್ಸ್ ಸದ್ದಿನ ಬಳಿ ರೂಟ್ ಹರ್ಟ್ಸ್‌ಗೆ ಸುಮಾರು 30 ಹರ್ಟ್ಸ್. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿದರೆ ಆಸೆ ಹುಟ್ಟುವುದು ಸಹಜ. ಆದರೆ ಬರಿ ಎಳೆಯನ್ನೇ ನೀರಿಗೆ ಬಿಟ್ಟು ನೋಡಿ: ಗಾಜು ಗಟ್ಟಿ, ನೀರಿನ ಒತ್ತಡಕ್ಕೆ ಬಗ್ಗುವುದಿಲ್ಲ. 1 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಬಣ್ಣ ಸರಿಯುವುದು ಬರೀ 3 ಪಿಕೋಮೀಟರ್. 1 ಪ್ಯಾಸ್ಕಲ್‌ಗೆ ಲೆಕ್ಕ ಹಾಕಿದರೆ 375 ಹರ್ಟ್ಸ್. 30ನ್ನು 375ರಿಂದ ಭಾಗಿಸಿ, 0.08 ಪ್ಯಾಸ್ಕಲ್ ಬರುತ್ತದೆ. ಅದಕ್ಕಿಂತ ಸಣ್ಣ ಸದ್ದು ತೊದಲಾಟದಲ್ಲಿ ಕಳೆದುಹೋಗುತ್ತದೆ. ಶಾಂತ ಸಮುದ್ರದ ಹಿನ್ನೆಲೆ ಸದ್ದು 1 ಕಿಲೋಹರ್ಟ್ಸ್‌ನಲ್ಲಿ ಸುಮಾರು 0.0001 ಪ್ಯಾಸ್ಕಲ್. ಬರಿ ಎಳೆ ಅದಕ್ಕಿಂತ 800 ಪಟ್ಟು ಮಂದ. ಆ 800 ಪಟ್ಟನ್ನು ಯಂತ್ರಕೌಶಲದಿಂದ ಗಳಿಸಬೇಕು.

ತಮಟೆಯ ಲೆಕ್ಕ

ಉಪಾಯ ಸರಳ. ಒಂದು ಗಟ್ಟಿ ಕೊಳವೆ. ಒಂದು ತುದಿ ಮುಚ್ಚಿದೆ, ಇನ್ನೊಂದು ತುದಿಗೆ ತೆಳು ಲೋಹದ ತಮಟೆ. ಎಳೆಯನ್ನು ಎರಡರ ನಡುವೆ ಬಿಗಿಯಾಗಿ ಎಳೆದು ಅಂಟಿಸಿದೆ. ಸದ್ದು ತಮಟೆಯನ್ನು ಅದುಮಿದಾಗ ಎಳೆಯ ಬಿಗಿ ಸಡಿಲುತ್ತದೆ, ಬಿಟ್ಟಾಗ ಬಿಗಿಯುತ್ತದೆ.

ಎಳೆಯ ವ್ಯಾಸ 125 ಮೈಕ್ರೋಮೀಟರ್. ಅದನ್ನು 1 ಮೈಕ್ರೋಸ್ಟ್ರೇನ್ ಎಳೆಯಲು 0.88 ಮಿಲಿನ್ಯೂಟನ್ ಬಲ ಸಾಕು. 5 ಸೆಂಟಿಮೀಟರ್ ಉದ್ದದ ಎಳೆಯ ಬಿರುಸು (ಹಿಗ್ಗಿಸಲು ಬೇಕಾದ ಬಲ) ಮೀಟರಿಗೆ ಸುಮಾರು 17,700 ನ್ಯೂಟನ್. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದೊಡ್ಡ ತಮಟೆ ಹಾಕಿದರೆ ಹೆಚ್ಚು ಕೇಳುತ್ತದೆ ಎನ್ನಿಸುವುದು ಸಹಜ. 1 ಚದರ ಸೆಂಟಿಮೀಟರ್ ಪರಿಣಾಮಕಾರಿ ವಿಸ್ತೀರ್ಣ ತೆಗೆದುಕೊಳ್ಳಿ. ಕಾಗದದ ಮೇಲೆ ಪ್ಯಾಸ್ಕಲ್‌ಗೆ 17 ಮೆಗಾಹರ್ಟ್ಸ್ ಸಿಗುತ್ತದೆ. ಆದರೆ ತಮಟೆ ನಡುಗಿದಾಗ ಅದರ ಮುಂದಿನ ನೀರೂ ನಡುಗಬೇಕಲ್ಲ. ಇಷ್ಟಗಲ ತಮಟೆಯ ಜೊತೆ ಅಲ್ಲಾಡುವ ನೀರಿನ ತೂಕವೇ ಅರ್ಧ ಗ್ರಾಮಿನಷ್ಟು. ಅದನ್ನು ಸೇರಿಸಿದರೆ ಅನುರಣನ (ತಮಟೆ ತಾನಾಗಿ ಜೋರಾಗಿ ಮಿಡಿಯುವ ಆವರ್ತನ) 800 ಹರ್ಟ್ಸ್‌ಗೇ ಬಂದು ನಿಲ್ಲುತ್ತದೆ. ಅದರಾಚೆಗೆ ಸೂಕ್ಷ್ಮತೆ ಕುಸಿಯುತ್ತದೆ, ಸೋರಿಕೆಯ ಬುಸುಗುಟ್ಟುವಿಕೆಯ ಬಹುಭಾಗ ಕೇಳದೇ ಹೋಗುತ್ತದೆ. ಇನ್ನೂ ದೊಡ್ಡ ತೊಂದರೆ ಆಳದ್ದು. ಎಳೆಗೆ 500 ಮೈಕ್ರೋಸ್ಟ್ರೇನ್ ಬಿಗಿ ಕೊಟ್ಟಿದ್ದರೆ, ಅದು 0.44 ನ್ಯೂಟನ್. ಈ ತಮಟೆ ಅರ್ಧ ಮೀಟರ್ ಆಳಕ್ಕೆ ಇಳಿಯುವಷ್ಟರಲ್ಲಿ ನೀರಿನ ತೂಕವೇ ಆ ಬಿಗಿಯನ್ನೆಲ್ಲ ತಿಂದು, ಎಳೆ ಜೋತುಬಿದ್ದು, ಸೆನ್ಸರ್ ಪೂರ್ತಿ ಕಿವುಡಾಗುತ್ತದೆ.

ಗೇಟಿನ ಸೋರಿಕೆಗೆ ಸಣ್ಣ ಕಿವಿಯೇ ಸರಿ. 7 ಮಿಲಿಮೀಟರ್ ವ್ಯಾಸದ, 0.05 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಮಟೆ, ಅಂಚನ್ನು ಸುತ್ತಲೂ ಬೆಸುಗೆ ಹಾಕಿದ್ದು. ನಡುವಿನಲ್ಲಿ ಎಳೆ ಹಿಡಿದಿರುವ ಇಂಥ ತಮಟೆಯ ಪರಿಣಾಮಕಾರಿ ವಿಸ್ತೀರ್ಣ ಅದರ ನಿಜ ವಿಸ್ತೀರ್ಣದ ಕಾಲು ಭಾಗ, ಸುಮಾರು 9.6 ಚದರ ಮಿಲಿಮೀಟರ್. ತಮಟೆಯ ಸ್ವಂತ ಬಿರುಸು ಮೀಟರಿಗೆ 9,000 ನ್ಯೂಟನ್, ಎಳೆಯ ಅರ್ಧದಷ್ಟು. ಹಾಗಾಗಿ ಬಂದ ಬಲದ ಮೂರರಲ್ಲಿ ಎರಡು ಪಾಲು ಎಳೆಗೆ ತಲುಪುತ್ತದೆ. ಪ್ಯಾಸ್ಕಲ್‌ಗೆ ಸುಮಾರು 1.1 ಮೆಗಾಹರ್ಟ್ಸ್, ಬರಿ ಎಳೆಯ 3,000 ಪಟ್ಟು. ಅನುರಣನ ಕೆಲವು ಕಿಲೋಹರ್ಟ್ಸ್ ಮಟ್ಟದಲ್ಲಿ. ಜೋತುಬೀಳುವ ಆಳ ಸುಮಾರು 7 ಮೀಟರ್. ಜೋಡಣೆಯ ಕೊರತೆಯಿಂದ ಇದರ ಹತ್ತನೇ ಒಂದು ಪಾಲು ಮಾತ್ರ ಕೈಗೆ ಬಂದರೂ ನಮ್ಮ ಕೆಲಸಕ್ಕೆ ಸಾಕು.

ದಪ್ಪದಲ್ಲಿ ಉದಾರತೆ ಬೇಡ. 0.05 ಸಿಗಲಿಲ್ಲವೆಂದು 0.1 ಮಿಲಿಮೀಟರ್ ಹಾಳೆ ಹಾಕಿದರೆ ಬಿರುಸು ಎಂಟು ಪಟ್ಟಾಗುತ್ತದೆ. ಎಳೆಗೆ ಹೋಗುವುದು ಐದನೇ ಒಂದು ಪಾಲು ಮಾತ್ರ, ಉಳಿದದ್ದನ್ನೆಲ್ಲ ಅಂಚು ನುಂಗುತ್ತದೆ.

ಕೊಳವೆಯೊಳಗೆ ಏನಿರಬೇಕು? ಹೈಡ್ರೋಫೋನ್ ಎಂದರೆ ಹರಳೆಣ್ಣೆ ತುಂಬುವುದು ಎಂದು ಕೆಲವರಿಗೆ ರೂಢಿ. ಹರಳೆಣ್ಣೆಯಲ್ಲಿ ಸದ್ದು ನೀರಿನಲ್ಲಿ ಹೋಗುವಂತೆಯೇ ಹೋಗುತ್ತದೆ, ಹಾಗಾಗಿ ಪೀಜೋ (ಅದುಮಿದರೆ ವಿದ್ಯುತ್ ಕೊಡುವ ವಸ್ತುವಿನ) ಹೈಡ್ರೋಫೋನಿನ ಹೊರ ಹೊದಿಕೆಯಲ್ಲಿ ಅದು ಸರಿಯಾದ ಆಯ್ಕೆ. ಇಲ್ಲಿ ಮಾತ್ರ ಹಾಕಬಾರದು. 1 ಘನ ಸೆಂಟಿಮೀಟರ್ ಕೊಳವೆಯಲ್ಲಿ ಎಣ್ಣೆ ತುಂಬಿ ಮುಚ್ಚಿದರೆ ಆ ಎಣ್ಣೆಯೇ ಎಳೆ ಮತ್ತು ತಮಟೆ ಸೇರಿದ ಬಿರುಸಿನ ಏಳು ಪಟ್ಟು ಗಟ್ಟಿ ಸ್ಪ್ರಿಂಗಿನಂತೆ ಎದುರು ನಿಂತು, ಸೂಕ್ಷ್ಮತೆ ಎಂಟನೇ ಒಂದಕ್ಕಿಳಿಯುತ್ತದೆ. ಗಾಳಿಯೇ ಇರಲಿ. ಅದರ ಬಿರುಸು ಮೀಟರಿಗೆ ಹತ್ತಾರು ನ್ಯೂಟನ್ ಅಷ್ಟೆ, ಲೆಕ್ಕಕ್ಕಿಲ್ಲ.

ಗಾಳಿ ಇದ್ದ ಮೇಲೆ 7 ಮೀಟರ್ ಮಿತಿ ಬಂತು. ಅಣೆಕಟ್ಟಿನ ನೆತ್ತಿಯಲ್ಲಿರುವ ಕ್ರೆಸ್ಟ್ ಗೇಟಿನ ಎತ್ತರ 20 ಅಡಿ, ಅದರ ಮುಂದೆ ತೂಗುಬಿಡುವುದಾದರೆ ಈ ಮಿತಿ ಸಾಲುತ್ತದೆ. ಇನ್ನೂ ಕೆಳಗೆ, 20 ಮೀಟರಿಗೆ ಇಳಿಸಬೇಕಾದರೆ ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸಮ ಮಾಡಬೇಕು. ರಬ್ಬರ್ ಚೀಲವೊಂದರಿಂದ ಸೂಜಿಯಂಥ ಕೊಳವೆ ಕೊಳವೆಯೊಳಕ್ಕೆ ಬರಲಿ. 20 ಮೀಟರಿನಲ್ಲಿ ಒತ್ತಡ ಮೂರು ಪಟ್ಟು. 1 ಘನ ಸೆಂಟಿಮೀಟರ್ ಕೋಣೆಗೆ ಚೀಲದಲ್ಲಿ ಕನಿಷ್ಠ 2, ಧೈರ್ಯಕ್ಕೆ 3 ಘನ ಸೆಂಟಿಮೀಟರ್ ಗಾಳಿ ಬೇಕು. ಸೂಜಿಗೊಳವೆಯ ಒಳರಂಧ್ರ 100 ಮೈಕ್ರೋಮೀಟರ್, ಉದ್ದ 20 ಮಿಲಿಮೀಟರ್ ಇದ್ದರೆ ಒತ್ತಡ ಸಮನಾಗಲು ಸುಮಾರು 1 ಸೆಕೆಂಡ್ ಹಿಡಿಯುತ್ತದೆ. ಆಗ 0.15 ಹರ್ಟ್ಸ್‌ಗಿಂತ ನಿಧಾನದ ಏರಿಳಿತ ಮಾತ್ರ ಸೋರಿಹೋಗುತ್ತದೆ, ಸದ್ದು ಉಳಿಯುತ್ತದೆ. ರಂಧ್ರ ದೊಡ್ಡದಾದರೆ ಗೇಟಿನ ನಡುಕದ ಕೆಳಸ್ವರವೂ ಸೋರಿಹೋಗುತ್ತದೆ. ಚೀಲದೊಳಗಿನ ಹಬೆ ರಾತ್ರಿ ತಂಪಿಗೆ ಹನಿಯಾಗಿ ಆ ರಂಧ್ರಕ್ಕೆ ಅಡ್ಡ ಕುಳಿತರೆ ಸೆನ್ಸರ್ ದಿನದಿನಕ್ಕೆ ಮಂದವಾಗುತ್ತದೆ, ಕಾರಣ ತಿಳಿಯುವುದೇ ಇಲ್ಲ. ಒಣ ಗಾಳಿ ತುಂಬಿ, ಚೀಲದಲ್ಲಿ ನಾಲ್ಕು ಕಾಳು ಸಿಲಿಕಾ ಜೆಲ್ ಹಾಕಿ.

ಚೀಲದ ಬಗ್ಗೆ ಇನ್ನೊಂದು ಎಚ್ಚರಿಕೆ, ಇದನ್ನು ಅನುಭವಿಗಳೂ ಮರೆಯುತ್ತಾರೆ. ನೀರಿನಲ್ಲಿರುವ ಗಾಳಿಚೀಲ ಎಂದರೆ ಒಂದು ದೊಡ್ಡ ಗುಳ್ಳೆ. ಗುಳ್ಳೆಗೆ ತನ್ನದೇ ಸ್ವರವಿದೆ: ಮೀಟರಿನಲ್ಲಿ ತ್ರಿಜ್ಯ ತೆಗೆದುಕೊಂಡು 3.26ನ್ನು ಅದರಿಂದ ಭಾಗಿಸಿದರೆ ನೀರಿನ ಮೇಲ್ಮಟ್ಟದಲ್ಲಿ ಅದರ ಆವರ್ತನ ಬರುತ್ತದೆ. 3 ಘನ ಸೆಂಟಿಮೀಟರಿನ ಚೀಲಕ್ಕೆ ಅದು 360 ಹರ್ಟ್ಸ್ ಆಸುಪಾಸು, ಸರಿಯಾಗಿ ನಮಗೆ ಬೇಕಾದ ಪಟ್ಟಿಯ ಒಳಗೆ. ಚೀಲವನ್ನು ತಮಟೆಯ ಪಕ್ಕದಲ್ಲೇ ಕಟ್ಟಿದರೆ ಜಲಾಶಯದಲ್ಲಿ ಇಲ್ಲದ ಸ್ವರ ದಾಖಲೆಯಲ್ಲಿ ಕಾಣುತ್ತದೆ. ಚೀಲವನ್ನು ಗಟ್ಟಿ ಗೋಡೆಯ ಸ್ಟೀಲ್ ಡಬ್ಬಿಯಲ್ಲಿಟ್ಟು, ನೀರು ಬರಲು ಒಂದು ಸಣ್ಣ ತೂತು ಮಾತ್ರ ಬಿಡಿ.

ಅಂಟಿಸುವಾಗ

ಅಂಟು ಗ್ರೇಟಿಂಗ್ ಮೇಲೆ ಬೀಳಬಾರದು. 4 ಸೆಂಟಿಮೀಟರ್ ಲೇಸರಿನ ಎರಡೂ ಬದಿಗೆ 5 ಮಿಲಿಮೀಟರ್ ಬಿಟ್ಟು ಅಂಟಿಸಿ, ಅದಕ್ಕೇ 5 ಸೆಂಟಿಮೀಟರ್ ಲೆಕ್ಕ ಹಾಕಿದ್ದು. ಅಂಟು ಒಳಕ್ಕೆ ಹರಿದರೆ ಒಂದು ತುದಿಯ ಎಳೆತ ಬೇರೆ, ಇನ್ನೊಂದರದು ಬೇರೆಯಾಗಿ ಲೇಸರ್ ಎರಡು ಬಣ್ಣಕ್ಕೆ ಸೀಳುತ್ತದೆ ಇಲ್ಲವೇ ಆರಿಹೋಗುತ್ತದೆ.

ಕೊಳವೆ ಯಾವ ಲೋಹದ್ದು? ಕೋಣೆಯ ಬಿಸಿಯಲ್ಲಿ ಗಟ್ಟಿಯಾಗುವ ಅಂಟು ನಮ್ಮ ಬೇಸಿಗೆಯಲ್ಲಿ ಮೆಲ್ಲಗೆ ಜಾರುತ್ತದೆ, ಒಂದೆರಡು ತಿಂಗಳಲ್ಲಿ ಬಿಗಿ ಇಳಿಯುತ್ತದೆ. ಬಿಸಿಯಲ್ಲಿ ಗಟ್ಟಿಯಾಗುವ ಎಪಾಕ್ಸಿ ಜಾರುವುದಿಲ್ಲ. ಆದರೆ ಸ್ಟೀಲ್ ಕೊಳವೆಯನ್ನು 150 ಡಿಗ್ರಿಗೆ ಕಾಯಿಸಿ ಅಂಟಿಸಿದರೆ, ತಣಿದಾಗ ಕೊಳವೆ 2,000 ಮೈಕ್ರೋಸ್ಟ್ರೇನ್‌ಗೂ ಹೆಚ್ಚು ಕುಗ್ಗಿ ಎಳೆ ಹಗ್ಗದಂತೆ ಜೋಲುತ್ತದೆ. ಇನ್ವಾರ್ ಎಂಬ ಕಬ್ಬಿಣ-ನಿಕ್ಕಲ್ ಮಿಶ್ರಲೋಹದ ಕೊಳವೆ ತೆಗೆದುಕೊಳ್ಳಿ. ಅದು ಬಿಸಿಗೆ ಅಷ್ಟಾಗಿ ಹಿಗ್ಗುವುದಿಲ್ಲ. ನೀರಿಗೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹೊರಗೆ ಸ್ಟೇನ್‌ಲೆಸ್ ಕವಚ ಇರಲಿ.

ಬಿಗಿ ಕೊಡುವ ಕ್ರಮ ಹೀಗೆ. ಮೊದಲು ಮುಚ್ಚಿದ ತುದಿಯಲ್ಲಿ ಅಂಟಿಸಿ ಗಟ್ಟಿಯಾಗಲು ಬಿಡಿ. ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ಎಳೆಯನ್ನು ತಮಟೆಯ ನಡುರಂಧ್ರದಿಂದ ಕೆಳಕ್ಕೆ ಬಿಟ್ಟು 130 ಗ್ರಾಂ ತೂಕ ಕಟ್ಟಿ. 500 ಮೈಕ್ರೋಸ್ಟ್ರೇನ್‌ಗೆ 45 ಗ್ರಾಂ ಸಾಕಲ್ಲ, 130 ಏಕೆ? ಅಂಟು ಗಟ್ಟಿಯಾಗಿ ತೂಕ ಬಿಚ್ಚಿದ ಕೂಡಲೇ ಎಳೆ ತಮಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಬಿಗಿ ಮೂರನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 45 ಗ್ರಾಂ ಕಟ್ಟಿದರೆ ಉಳಿಯುವುದು 170 ಮೈಕ್ರೋಸ್ಟ್ರೇನ್, ಸೆನ್ಸರ್ ಎರಡೂವರೆ ಮೀಟರ್ ಆಳಕ್ಕೇ ಕಿವುಡು. ಕೆಲಸದುದ್ದಕ್ಕೂ ಸ್ಪೆಕ್ಟ್ರಮ್ ಅನಲೈಜರ್ ನೋಡುತ್ತಿರಿ: ತೂಕ ಕಟ್ಟಿದಾಗ ಬಣ್ಣ ಸುಮಾರು 1.7 ನ್ಯಾನೋಮೀಟರ್ ಮೇಲಕ್ಕೆ ಹೋಗಬೇಕು. ಬಿಚ್ಚಿದಾಗ 0.6ಕ್ಕೆ ಬಂದು ನಿಲ್ಲಬೇಕು. ಅದಕ್ಕಿಂತ ಕೆಳಗಿಳಿದರೆ ಅಂಟು ಜಾರಿದೆ ಅಥವಾ ಹಾಳೆ ನಿರೀಕ್ಷೆಗಿಂತ ಮೆದು. 1ರ ಮೇಲೆ ನಿಂತರೆ ಹಾಳೆ ದಪ್ಪ. ಇದಕ್ಕಿಂತ ಅಗ್ಗದ, ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಇನ್ನೊಂದಿಲ್ಲ.

ಗ್ರೇಟಿಂಗ್ ಬರೆಯುವ ಕೆಲಸಕ್ಕೆ ಕಾಲೇಜಿನಲ್ಲಿ ಕೈ ಹಾಕಬೇಡಿ. ಫೇಸ್ ಮಾಸ್ಕ್, 248 ನ್ಯಾನೋಮೀಟರ್ ಎಕ್ಸೈಮರ್ ಲೇಸರ್, ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ತುಂಬುವ ಪಾತ್ರೆ, ಇವೆಲ್ಲ ಅದಕ್ಕೆಂದೇ ಇರುವ ಪ್ರಯೋಗಾಲಯದ ಸರಂಜಾಮು. ಸಿದ್ಧ ಲೇಸರ್ ತರಿಸಿ. ನಮ್ಮ ದೇಶದಲ್ಲಿ ಎರ್ಬಿಯಂ ಫೈಬರ್‌ನಲ್ಲಿ ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆ, ಗ್ರೇಟಿಂಗ್ ಸೆನ್ಸರ್‌ಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೆಲಸ ಮಾಡಿವೆ. ಮಾರ್ಗದರ್ಶನ ಕೇಳಿ ಪತ್ರ ಬರೆಯಲು ಸಂಕೋಚ ಬೇಡ.

ದಡದ ಪೆಟ್ಟಿಗೆ

ದಡದಲ್ಲಿ ಬೇಕಾದವು: 980 ನ್ಯಾನೋಮೀಟರ್, 200 ಮಿಲಿವಾಟ್ ಪಂಪ್ ಲೇಸರ್, ಪಂಪನ್ನೂ ಸಿಗ್ನಲನ್ನೂ ಬೇರ್ಪಡಿಸುವ ಡಬ್ಲ್ಯುಡಿಎಂ ಕಪ್ಲರ್, ಐಸೋಲೇಟರ್, ಇಂಟರ್‌ಫೆರೋಮೀಟರ್, ಫೋಟೋಡಯೋಡ್, ಸಿಗ್ನಲನ್ನು ಅಂಕಿಗಳಾಗಿಸುವ 16 ಬಿಟ್ ಎಡಿಸಿ. ಪಂಪ್ ಬೆಳಕು ಕಣ್ಣಿಗೆ ಕಾಣದು, ಆದರೆ 200 ಮಿಲಿವಾಟ್ ಕಣ್ಣಿನ ಪರದೆ ಸುಡಲು ಧಾರಾಳ ಸಾಕು. ಕನ್ನಡಕ ಹಾಕದೆ ಯಾವ ಕನೆಕ್ಟರನ್ನೂ ಬಿಚ್ಚಕೂಡದು. ಪಂಪ್ ಆರಿಸಿಯೇ ಬಿಚ್ಚಿ. ಇದು ಸಲಹೆಯಲ್ಲ, ನಿಯಮ.

ಇಂಟರ್‌ಫೆರೋಮೀಟರ್ ಬಣ್ಣದ ಸರಿತವನ್ನು ಬೆಳಕಿನ ಅಲೆಯ ಹಂತದ (ಫೇಸ್) ಬದಲಾವಣೆಯಾಗಿ ತಿರುಗಿಸುತ್ತದೆ. ಮೈಕೆಲ್ಸನ್ ಮಾದರಿ ಕಟ್ಟಿ, ಒಂದು ತೋಳು ಇನ್ನೊಂದಕ್ಕಿಂತ 50 ಮೀಟರ್ ಉದ್ದ. ಬೆಳಕು ಹೋಗಿ ಬರುವುದರಿಂದ 100 ಮೀಟರ್ ವ್ಯತ್ಯಾಸ. ತುದಿಗಳಿಗೆ ಫ್ಯಾರಡೆ ಕನ್ನಡಿ ಹಾಕಿದರೆ ಧ್ರುವೀಕರಣ ಅಲೆದು ಸಿಗ್ನಲ್ ಮಂಕಾಗುವ ಕಾಟ ತಪ್ಪುತ್ತದೆ. ಈ ಅಳತೆಯಲ್ಲಿ 1 ಪ್ಯಾಸ್ಕಲ್ ಸದ್ದು 3.4 ರೇಡಿಯನ್ ಆಗಿ ಕಾಣುತ್ತದೆ. ಒಂದು ತೋಳನ್ನು ಪೀಜೋ ಉರುಳೆಗೆ ಸುತ್ತಿ 20 ಕಿಲೋಹರ್ಟ್ಸ್‌ನಲ್ಲಿ ಅಲುಗಿಸಿ, ಅಲುಗಾಟದ ಆಳ 2.37 ರೇಡಿಯನ್‌ಗೆ ಹೊಂದಿಸಿದರೆ ಪಿಜಿಸಿ ಎಂಬ, ಈ ಅಲುಗಾಟವನ್ನೇ ವಾಹಕವಾಗಿ ಬಳಸುವ ವಿಧಾನದಲ್ಲಿ ಸಿಗ್ನಲ್ ಬಿಡಿಸಬಹುದು. ಎಡಿಸಿ ಸೆಕೆಂಡಿಗೆ ಕನಿಷ್ಠ 2 ಲಕ್ಷ ಮಾದರಿ ತೆಗೆಯಲಿ.

ಇಲ್ಲೊಂದು ಮಿತಿ ಇದೆ. 1 ಕಿಲೋಹರ್ಟ್ಸ್ ಸದ್ದಿನಲ್ಲಿ ಸುಮಾರು 9 ರೇಡಿಯನ್, ಅಂದರೆ 2.5 ಪ್ಯಾಸ್ಕಲ್ ದಾಟಿದರೆ ಈ ವಿಧಾನ ಲೆಕ್ಕ ತಪ್ಪುತ್ತದೆ. ಗೇಟು ತೆರೆದಾಗ ಅದರ ಬಳಿ ಸದ್ದು ಇದನ್ನು ಸುಲಭವಾಗಿ ಮೀರಬಹುದು. ಪರದೆಯ ಮೇಲೆ ಕಾಣುವುದು ಸದ್ದಿನಂತೆಯೇ ಇರುವ ಸುಳ್ಳು. ಗೇಟಿನ ಹತ್ತಿರಕ್ಕೆ ವ್ಯತ್ಯಾಸವನ್ನು 100ರ ಬದಲು 10 ಮೀಟರಿಗೆ ಇಳಿಸಿ. ಮಿತಿ 25 ಪ್ಯಾಸ್ಕಲ್‌ಗೆ ಏರುತ್ತದೆ. ಆಗ ಲೇಸರಿನ ತೊದಲಾಟ 9 ಮೈಕ್ರೋರೇಡಿಯನ್‌ಗೆ ಇಳಿದು ಎಲೆಕ್ಟ್ರಾನಿಕ್ಸ್‌ನ ಗೊಣಗಾಟಕ್ಕೆ ಸಮವಾಗುತ್ತದೆ. ಆ ನಷ್ಟವನ್ನು ಇಲ್ಲಿ ಧಾರಾಳವಾಗಿ ಒಪ್ಪಬಹುದು.

ಈ ಪೆಟ್ಟಿಗೆಯೂ ಒಂದು ಕಿವಿಯೇ ಎಂಬುದನ್ನು ಮರೆಯಬೇಡಿ. ಸುತ್ತಿಟ್ಟ 50 ಮೀಟರ್ ಫೈಬರ್ ಪಕ್ಕದ ಜನರೇಟರ್, ಫ್ಯಾನು, ಮಾತು ಎಲ್ಲವನ್ನೂ ಕೇಳುತ್ತದೆ. ಫೋಮ್ ಹಾಸಿದ ಎರಡು ಪದರದ ಪೆಟ್ಟಿಗೆ, ಕೆಳಗೆ ಭಾರದ ಕಬ್ಬಿಣದ ಹಲಗೆ ಬೇಕು. ಸಾಧ್ಯವಿದ್ದರೆ ನೀರಿಗಿಳಿಯದ ಎರಡನೇ ಲೇಸರೊಂದನ್ನು ಬೇರೆ ಬಣ್ಣದಲ್ಲಿ ಅದೇ ಇಂಟರ್‌ಫೆರೋಮೀಟರಿಗೆ ಬಿಡಿ. ಅದರಲ್ಲಿ ಕಂಡದ್ದು ಪೆಟ್ಟಿಗೆಯ ಸದ್ದು, ಅದನ್ನು ಕಳೆದು ಉಳಿದದ್ದು ನೀರಿನ ಸದ್ದು. ಉಷ್ಣತೆಯೂ ಹೀಗೇ ಕಾಡುತ್ತದೆ: ನೀರು 1 ಡಿಗ್ರಿ ಬದಲಾದರೆ ಬಣ್ಣ ಸುಮಾರು 10 ಪಿಕೋಮೀಟರ್ ಸರಿದು, 100 ಮೀಟರ್ ವ್ಯತ್ಯಾಸದಲ್ಲಿ 3,800 ರೇಡಿಯನ್ ಆಗುತ್ತದೆ. ಡಿಗ್ರಿಯ ಸಾವಿರದ ಒಂದು ಪಾಲೂ 1 ಪ್ಯಾಸ್ಕಲ್ ಸದ್ದಿಗಿಂತ ದೊಡ್ಡದು. ನಿಧಾನವಾದ್ದರಿಂದ 1 ಹರ್ಟ್ಸ್ ಹೈಪಾಸ್ ಫಿಲ್ಟರ್ ಅದನ್ನು ತೆಗೆಯುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿ ಪಂಪ್ ಲೇಸರ್ ಇಡಬೇಡಿ. ಅದನ್ನು 25 ಡಿಗ್ರಿಯಲ್ಲಿಡುವ ಪುಟ್ಟ ಕೂಲರ್ 45 ಡಿಗ್ರಿಯಲ್ಲಿ ಸೋತು, ಮಧ್ಯಾಹ್ನ ಎರಡರ ಹೊತ್ತಿಗೆ ಪಂಪ್ ತಾನೇ ಆರುತ್ತದೆ. ಕರೆಂಟು ಹೋಗಿ ಬರುವಾಗಿನ ಏರಿಳಿತಕ್ಕೂ ಲೇಸರ್ ಡಯೋಡ್ ಬಲಿಯಾಗುತ್ತದೆ, ಯುಪಿಎಸ್ ಇರಲಿ.

ಹಿಂದಿರುಗುವ ಬೆಳಕು ಈ ಲೇಸರಿನ ದೊಡ್ಡ ಶತ್ರು. ಕನೆಕ್ಟರ್‌ಗಳೆಲ್ಲ ಓರೆ ತುದಿಯ ಎಪಿಸಿ ಇರಬೇಕು, ಒಂದೊಂದನ್ನೂ ಒರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಜೋಡಿಸಬೇಕು. ನೀರೊಳಗಿನ ಎಳೆಯ ಕೊನೆಯ ತುದಿಯನ್ನು ನೇರವಾಗಿ ಕತ್ತರಿಸಿ ಬಿಟ್ಟರೆ ಅದು 4 ಶೇಕಡಾ ಬೆಳಕನ್ನು ಹಿಂದಕ್ಕೆಸೆಯುತ್ತದೆ, ಲೇಸರ್ ಹುಚ್ಚೆದ್ದಂತೆ ತೊದಲುತ್ತದೆ. 8 ಡಿಗ್ರಿ ಓರೆಗೆ ಕತ್ತರಿಸಿ, ಜೆಲ್‌ನಲ್ಲಿ ಮುಳುಗಿಸಿ.

ಅಳತೆಗೋಲು

ನೀರಿಗೆ ಬಿಡುವ ಮುನ್ನ ಸೂಕ್ಷ್ಮತೆ ಅಳೆಯಿರಿ. ದುಬಾರಿ ಟ್ಯಾಂಕ್ ಬೇಕಿಲ್ಲ. ಗಟ್ಟಿ ಗೋಡೆಯ ಲೋಹದ ಪಾತ್ರೆಯಲ್ಲಿ ನೀರು ತುಂಬಿ ಶೇಕರ್ (ಮೇಲೆ ಕೆಳಗೆ ಅಲುಗಿಸುವ ಯಂತ್ರ) ಮೇಲಿಡಿ, ಸೆನ್ಸರನ್ನು ಮೇಲಿಂದ ಬೇರೆ ಸ್ಟ್ಯಾಂಡಿಗೆ ತೂಗುಹಾಕಿ, ತಮಟೆ ನೀರಿನ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿರಲಿ. ಪಾತ್ರೆಯ ವೇಗೋತ್ಕರ್ಷ, ಆಳ, ನೀರಿನ ಸಾಂದ್ರತೆ ಮೂರನ್ನೂ ಗುಣಿಸಿದರೆ ಒತ್ತಡ. ಸೆಕೆಂಡಿಗೆ ಸೆಕೆಂಡಿಗೆ 0.01 ಮೀಟರ್ ಅಲುಗಿಸಿದರೆ ಸರಿಯಾಗಿ 1 ಪ್ಯಾಸ್ಕಲ್. ಕೆಲವು ನೂರು ಹರ್ಟ್ಸ್‌ವರೆಗೆ ಇದು ನಂಬಿಕೆಗೆ ಅರ್ಹ. ಅದರ ಮೇಲಕ್ಕೆ ಅಳತೆ ಮಾಡಿಟ್ಟ ಪೀಜೋ ಹೈಡ್ರೋಫೋನಿನ ಪಕ್ಕದಲ್ಲಿಟ್ಟು ಹೋಲಿಸಿ. ತಮಟೆಯ ಮೇಲೆ ಒಂದು ಗುಳ್ಳೆ ಅಂಟಿದ್ದರೂ ಅಳತೆ ಕೆಡುತ್ತದೆ, ಸಾಬೂನು ನೀರಿನಲ್ಲಿ ಅದ್ದಿ ತೊಳೆದು ಇಳಿಸಿ.

ಜಲಾಶಯಕ್ಕೆ ಇಳಿಸುವಾಗ

ಅಣೆಕಟ್ಟು ತುಂಗಭದ್ರಾ ಮಂಡಳಿಯ ಅಧೀನದಲ್ಲಿದೆ. ಲಿಖಿತ ಅನುಮತಿ ಇಲ್ಲದೆ ಗೇಟಿನ ಬಳಿ ಒಂದು ಹಗ್ಗವನ್ನೂ ಇಳಿಬಿಡಬೇಡಿ. ಮೊದಲ ಪ್ರಯೋಗಗಳಿಗೆ ಊರಿನ ಕೆರೆಯೋ ಕಾಲೇಜಿನ ನೀರಿನ ತೊಟ್ಟಿಯೋ ಸಾಕು.

ಸೆನ್ಸರನ್ನು ಗೋಡೆಗೆ ಬಿಗಿಯಬೇಡಿ. ತಮಟೆಯೂ ಅದರ ಮುಂದಿನ ನೀರೂ ಸೇರಿ ತೂಕವುಳ್ಳವು, ಹಾಗಾಗಿ ಗೋಡೆಯ ನಡುಕವನ್ನು ಸೆನ್ಸರ್ ಸದ್ದೆಂದೇ ವರದಿ ಮಾಡುತ್ತದೆ. ಒಂದೇ ಥರದ ಎರಡು ತಮಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸಿದರೆ ನಡುಕ ಒಂದಕ್ಕೊಂದು ಕಳೆದು ಸದ್ದು ಕೂಡುತ್ತದೆ. ಮೊದಲ ಪ್ರಾಜೆಕ್ಟ್‌ಗೆ ಅಷ್ಟು ಬೇಡ, ರಬ್ಬರ್ ಹಗ್ಗದಲ್ಲಿ ತೂಗುಬಿಟ್ಟರೆ ಸಾಕು. ಹಗ್ಗಕ್ಕೂ ತನ್ನ ಹಾಡಿದೆ: 10 ಮಿಲಿಮೀಟರ್ ಹಗ್ಗ ಸೆಕೆಂಡಿಗೆ ಅರ್ಧ ಮೀಟರ್ ಹರಿವಿನಲ್ಲಿ ಸುಮಾರು 10 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಗೇಟಿನ ನಡುಕವೆಂದು ತಪ್ಪು ತಿಳಿಯಲು ಹೇಳಿ ಮಾಡಿಸಿದ ಸ್ವರ. ಹಗ್ಗದ ದಪ್ಪ ಬದಲಿಸಿ ನೋಡಿ. ಸ್ವರ ಸರಿದರೆ ಅದು ಹಗ್ಗದ್ದು. ಹರಿಯುವ ನೀರು ನೇರವಾಗಿ ತಮಟೆಗೆ ಬಡಿಯದಂತೆ ತೂತು ಕೊರೆದ ಪಿವಿಸಿ ಪೈಪಿನೊಳಗೆ, ತೆರೆದ ರಂಧ್ರದ ಫೋಮ್ ಸುತ್ತಿ ಇಳಿಸಿ.

50 ಮತ್ತು 100 ಹರ್ಟ್ಸ್ ಗೆರೆಗಳು ಕಂಡರೆ ಪಂಪ್ ಆರಿಸಿ ನೋಡಿ. ಬೆಳಕಿಲ್ಲದೆಯೂ ಉಳಿದರೆ ಅದು ನಿಮ್ಮ ಆಂಪ್ಲಿಫೈಯರಿನ ಅರ್ಥಿಂಗ್ ದೋಷ. ಪಂಪ್‌ನೊಂದಿಗೆ ಮಾಯವಾದರೆ ವಿದ್ಯುದಾಗಾರದ್ದೋ ಪಂಪ್ ಡ್ರೈವರಿನದ್ದೋ ಇರಬಹುದು, ನೀರಿಗಿಳಿಯದ ಎರಡನೇ ಲೇಸರ್ ಅದನ್ನೂ ಬಿಡಿಸಿ ಹೇಳುತ್ತದೆ.

ಕೇಬಲ್ ಆಯ್ಕೆಯಲ್ಲಿ ಒಂದು ಮಾತು. ಮೇ ತಿಂಗಳ ಸಿಡಿಲಿನಲ್ಲೂ ಸುಟ್ಟುಹೋಗದಿರುವುದು ಈ ಸೆನ್ಸರಿನ ದೊಡ್ಡ ಗುಣ, ನೀರಿನ ಕಡೆ ವಿದ್ಯುತ್ತೇ ಇಲ್ಲ. ಸ್ಟೀಲ್ ಕವಚದ ಕೇಬಲ್ ಹಾಕಿದರೆ ಆ ಗುಣವನ್ನೇ ಕೈಯಾರೆ ಕಳೆದುಕೊಂಡಂತೆ. ಅರಾಮಿಡ್ ನಾರಿನ, ಲೋಹವಿಲ್ಲದ ಕೇಬಲ್ ಕೊಳ್ಳಿ. ಕೆಲವು ನೂರು ಮೀಟರಿಗೆ 980 ಪಂಪ್ ನಡೆಯುತ್ತದೆ. 2 ಕಿಲೋಮೀಟರ್ ಮೀರಿದರೆ ದಾರಿಯಲ್ಲೇ ಬಹಳ ಕಳೆದುಹೋಗುವುದರಿಂದ 1,480 ನ್ಯಾನೋಮೀಟರ್ ಪಂಪ್ ಬೇಕು. ಮೀನುಗಾರರ ಬಲೆ ಸಿಕ್ಕಿಕೊಳ್ಳದಂತೆ ಕೇಬಲ್ಲಿಗೆ ತೇಲುವ ಗುರುತು ಕಟ್ಟಿ, ಮೀನುಗಾರರ ಸಂಘಕ್ಕೆ ಮೊದಲೇ ಹೇಳಿ.

ಒಂದು ಸೆನ್ಸರ್ ಸೋರಿಕೆ ಇದೆಯೆಂದು ಹೇಳುತ್ತದೆ, ಎಲ್ಲಿ ಎಂದು ಹೇಳದು. ಅದಕ್ಕೆ ಎರಡು ಬೇಕು. ಒಂದೇ ಎಳೆಯಲ್ಲಿ 0.8 ನ್ಯಾನೋಮೀಟರ್ ಅಂತರದ ಬಣ್ಣಗಳಲ್ಲಿ ಎಂಟು ಲೇಸರ್‌ಗಳವರೆಗೆ ಸಾಲಾಗಿ ಇಡಬಹುದು. ಪ್ರತಿಯೊಂದೂ ಪಂಪ್‌ನ ಸ್ವಲ್ಪ ಪಾಲನ್ನಷ್ಟೇ ಹೀರಿ ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ. ಒಂದೊಂದು ಗೇಟು 60 ಅಡಿ, ಅಂದರೆ 18 ಮೀಟರ್ ಅಗಲ. ಅಷ್ಟು ದೂರದಲ್ಲಿಟ್ಟ ಎರಡು ಸೆನ್ಸರ್‌ಗಳ ನಡುವೆ ಸದ್ದು ಸಾಗಲು ಗರಿಷ್ಠ 12 ಮಿಲಿಸೆಕೆಂಡ್. ಎರಡೂ ದಾಖಲೆಗಳನ್ನು ಕೋರಿಲೇಶನ್ ಮಾಡಿ (ಒಂದರ ಮೇಲೊಂದು ಸರಿಸಿ ಹೋಲಿಸಿ) ಕಾಲದ ಅಂತರ ತೆಗೆದರೆ ಸೋರಿಕೆ ಯಾವ ಅಂಚಿನಲ್ಲಿದೆ ಎಂದು ತಿಳಿಯುತ್ತದೆ. ಕಾಂಕ್ರೀಟ್ ಕಂಬಗಳ ಪ್ರತಿಧ್ವನಿಯಿಂದ ಎರಡು ಮೂರು ಉತ್ತರ ಬರುವುದುಂಟು. ನೀರಿನ ಮಟ್ಟ ಬೇರೆಯಾದ ದಿನಗಳಲ್ಲಿ ಮತ್ತೆ ಅಳೆದರೆ ಪ್ರತಿಧ್ವನಿ ಜಾಗ ಬದಲಿಸುತ್ತದೆ, ಸೋರಿಕೆ ಬದಲಿಸುವುದಿಲ್ಲ.

ಮಗಳ ಒಂದು ಸೆಮಿಸ್ಟರಿಗೆ ನನ್ನ ಸಲಹೆ: ಒಂದು ಸಣ್ಣ ತಮಟೆಯ ಸೆನ್ಸರ್, ಪಕ್ಕದಲ್ಲಿ ಸಾಧಾರಣ ಪೀಜೋ ಹೈಡ್ರೋಫೋನ್, ಕಾಲೇಜಿನ ತೊಟ್ಟಿಯ ಗೋಡೆಗೆ 2 ಮಿಲಿಮೀಟರಿನ ತೂತು ಮಾಡಿ ಸೋರಿಕೆಯ ಸದ್ದು. ಒಂದೇ ಸೋರಿಕೆಗೆ ಮಾತ್ರ ಬೇಕಾದರೆ ಪೀಜೋ ಅಗ್ಗವಾಗಿಯೂ ಸುಲಭವಾಗಿಯೂ ಅದೇ ಕೆಲಸ ಮಾಡುತ್ತದೆ. ಫೈಬರ್ ಲೇಸರಿನ ಬೆಲೆಗೆ ನ್ಯಾಯ ಸಿಗುವುದು ಹಲವು ಕಿವಿಗಳು ಒಂದೇ ಎಳೆಯಲ್ಲಿ, ಸಿಡಿಲಿನ ನಾಡಿನಲ್ಲಿ, ವರ್ಷಗಟ್ಟಲೆ ನೀರಿನಲ್ಲೇ ಇರಬೇಕಾದಾಗ. ತೊಟ್ಟಿಯಲ್ಲಿ ಎರಡರ ದಾಖಲೆಗಳೂ 100ರಿಂದ 3,000 ಹರ್ಟ್ಸ್ ನಡುವೆ 2 ಡೆಸಿಬೆಲ್ ಒಳಗೆ ಕೂಡಿಬಂದ ದಿನ ಮಂಡಳಿಗೆ ಅರ್ಜಿ ಬರೆಯಲಿ, ಆ ಹೋಲಿಕೆಯ ಗ್ರಾಫನ್ನೇ ಮೊದಲ ಪುಟದಲ್ಲಿ ಲಗತ್ತಿಸಲಿ.